ಆ ಮೆಮೊರಿ ಕಾರ್ಡ್ ಯಾರದು?

ಪ್ರಶ್ನೆ: ನನಗೆ 27 ವರ್ಷ. ಗಂಗಾವತಿಯಲ್ಲಿ ದಲಿತರ ಹಕ್ಕುಗಳಿಗಾಗಿ ದುಡಿಯುವ ಸಂಸ್ಥೆಯೊಂದರಲ್ಲಿ ಮೂರು ವರ್ಷಗಳಿಂದ ಇದ್ದೇನೆ. ಊರ ಹೋಟೆಲಿನವರು ಒಳಗೆ ಬಿಡದೆ ಹೊರಗೇ ನಿಲ್ಲಿಸಿದ್ದನ್ನು ಒಬ್ಬ ತಾಯಿ ಹೇಳಿಕೊಂಡಾಗ ಸಂಸ್ಥೆಯ ಕ್ಯಾಮೆರಾದಲ್ಲಿ ಚಿತ್ರೀಕರಿಸಿದೆ. ಅದನ್ನೇ ಬೆಳೆಸಿ ಸಾಕ್ಷ್ಯಚಿತ್ರ ಮಾಡುವ ಆಸೆ. ‘ಕೆಲಸವೋ, ಸಿನಿಮಾವೋ?’ ಎನ್ನುತ್ತಾರೆ ಸಂಸ್ಥೆಯ ನಿರ್ದೇಶಕರು. ನಾನು ಕಲ್ಯಾಣ ಕರ್ನಾಟಕದವರಿಗಿರುವ 371(ಜೆ) ಮೀಸಲಾತಿಯಲ್ಲಿ ಸರ್ಕಾರಿ ನೌಕರಿ ಹಿಡಿಯಬೇಕೆಂದು ಅಪ್ಪನ ಹಟ. ಈಗ ಆ ತಾಯಿಯೂ ‘ನನ್ನ ಮುಖ ತೋರಿಸಬೇಡ ತಂಗಿ’ ಎನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ನಿಮ್ಮ ಮೂರು ಪುಟದ ಪತ್ರವನ್ನು ಇಲ್ಲಿ ಕುಗ್ಗಿಸಿದ್ದೇನೆ. ಅದರಲ್ಲಿ ಅಪ್ಪ, ನಿರ್ದೇಶಕರೇ ತುಂಬಿಕೊಂಡಿದ್ದಾರೆ. ಆ ತಾಯಿಯ ಮಾತು ಬರುವುದು ಕೊನೆಯಲ್ಲಿ. ನಾನು ಅವರಿಂದಲೇ ಶುರು ಮಾಡುತ್ತೇನೆ. ಅವರು ಬೇಡವೆಂದ ಮೇಲೆ ಆ ದೃಶ್ಯ ನಿಮ್ಮ ಚಿತ್ರಕ್ಕಿಲ್ಲ. ಮುಖ ಮಸುಕು ಮಾಡಿದರೆ ಸಾಲದೇ ಎನ್ನಬೇಡಿ. ದನಿ, ಸೀರೆ, ಮನೆ ಮುಂದಿನ ಕಟ್ಟೆ ಸಾಕು, ಊರಿನವರು ಗುರುತು ಹಿಡಿಯುತ್ತಾರೆ. ನೀವು ಸಂಜೆಯ ಬಸ್ಸಿಗೆ ಗಂಗಾವತಿ ಸೇರುತ್ತೀರಿ. ಅವರು ಬೆಳಗಾದರೆ ಅದೇ ಊರಿನವರ ಹೊಲಕ್ಕೆ ಕೂಲಿಗೆ ಹೋಗಬೇಕು. ನಿಮ್ಮ ತಾಲ್ಲೂಕಿನದೇ ಮರಕುಂಬಿ ನೆನಪಿರಬೇಕಲ್ಲ? ಕ್ಷೌರದಂಗಡಿ, ಹೋಟೆಲಿನ ಪ್ರವೇಶದ ತಕರಾರು 2014ರಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಹಚ್ಚುವವರೆಗೆ ಹೋಯಿತು. ಕೊಪ್ಪಳದ ನ್ಯಾಯಾಲಯ ತೀರ್ಪು ಕೊಟ್ಟದ್ದು 2024ರ ಅಕ್ಟೋಬರ್‌ನಲ್ಲಿ. ಬಾಯಿ ಬಿಟ್ಟವರು ಅಷ್ಟು ವರ್ಷ ಅದೇ ಜನರ ನಡುವೆ ಬಾಳಬೇಕಾಗುತ್ತದೆ ಎಂಬುದು ಆ ತಾಯಿಗೆ ನಿಮಗಿಂತ, ನನಗಿಂತ ಚೆನ್ನಾಗಿ ಗೊತ್ತು.

ನಿರ್ದೇಶಕರ ಮೇಲಿನ ನಿಮ್ಮ ಸಿಟ್ಟು ನ್ಯಾಯವೇ, ಆದರೆ ಕಾನೂನು ಅವರ ಕಡೆಗೇ ವಾಲುತ್ತದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ನೌಕರಿಯ ಭಾಗವಾಗಿ ಮಾಡಿದ್ದರ ಹಕ್ಕು ಸಾಮಾನ್ಯವಾಗಿ ಸಂಸ್ಥೆಯದು. ರಾಜೀನಾಮೆ ಕೊಟ್ಟು ಹೊರಬಂದರೆ ಆ ಮೆಮೊರಿ ಕಾರ್ಡ್ ಕೂಡ ನಿಮ್ಮದಲ್ಲ. ಅದಕ್ಕೇ ಈಗ ಕೆಲಸ ಬಿಡಬೇಡಿ. ರಜೆಯಲ್ಲಿ, ಸ್ವಂತ ಉಪಕರಣದಲ್ಲಿ ಚಿತ್ರೀಕರಿಸಿದ್ದು ನನ್ನದು ಎಂದು ಒಂದು ಹಾಳೆಯಲ್ಲಿ ಬರೆಸಿ, ಸಹಿ ಹಾಕಿಸಿಕೊಳ್ಳಿ. ಮೊಬೈಲ್ ಸಾಕು, ಒಳ್ಳೆಯ ಮೈಕ್‌ಗೆ ಮಾತ್ರ ಜಿಪುಣತನ ಬೇಡ.

ಅಪ್ಪನ ಜೊತೆ ಜಗಳವೇಕೆ? ಅರ್ಜಿ ಹಾಕಿ, ಪರೀಕ್ಷೆ ಬರೆಯಿರಿ. ನೌಕರಿ ಸಿಕ್ಕ ದಿನ ಯೋಚಿಸೋಣ.

ಹಾಗೆಂದು ಆ ದೃಶ್ಯವನ್ನು ನೀವಾಗಿಯೇ ಅಳಿಸಲೂ ಹೋಗಬೇಡಿ. ಮುಂದೆ ಅವರು ದೌರ್ಜನ್ಯ ತಡೆ ಕಾಯ್ದೆಯಡಿ ದೂರು ಕೊಡಲು ಮನಸ್ಸು ಮಾಡಿದರೆ ಅದು ಉಪಯೋಗಕ್ಕೆ ಬಂದೀತು. ಇಡಬೇಕೋ, ಅಳಿಸಬೇಕೋ ಅವರನ್ನೇ ಕೇಳಿ, ನಿರ್ದೇಶಕರಿಗೂ ತಿಳಿಸಿ. ಕೇಳಲು ಹೋಗುವಾಗ ಕ್ಯಾಮೆರಾ ಕಚೇರಿಯಲ್ಲೇ ಇರಲಿ.