ಬಂಪರ್ ಒಡೆದಿದ್ದಕ್ಕೂ ಎಫ್‌ಐಆರ್ ಬೇಕಾ?

ಕಾರಿನ ಇನ್ಶೂರೆನ್ಸ್ ಕ್ಲೇಮ್‌ಗೆ ಎಫ್‌ಐಆರ್ ಬೇಕು ಅಂತ ಗ್ಯಾರೇಜಿನವರು ನಿಮಗೂ ಹೇಳಿರಬೇಕು. ಅದನ್ನು ಕೇಳುವುದು ಕಳ್ಳತನಕ್ಕೋ ಯಾರಿಗಾದರೂ ಪೆಟ್ಟಾದಾಗಲೋ. ರಿವರ್ಸ್ ತೆಗೆಯುವಾಗ ಮನೆ ಗೇಟಿನ ಕಂಬಕ್ಕೆ ತಾಗಿ ನಿಮ್ಮದೇ ಬಂಪರ್ ಒಡೆದರೆ ಸಾಮಾನ್ಯವಾಗಿ ಅದು ಬೇಕಾಗುವುದಿಲ್ಲ. ಪಾಲಿಸಿ ಬರೀ ಥರ್ಡ್ ಪಾರ್ಟಿಯದಾದರೆ (ಬೇರೆಯವರಿಗಾದ ಹಾನಿಗೆ ಮಾತ್ರ ಕೊಡುವಂಥದ್ದು) ಏನೂ ಸಿಗಲ್ಲ, ಮೊದಲು ಅದನ್ನು ನೋಡಿ.

ಬಿಚ್ಚಿಸುವ ಮುಂಚೆ ಫೋಟೋ ತೆಗೆಯಿರಿ. ನಂಬರ್ ಪ್ಲೇಟ್ ಕಾಣುವ ಹಾಗೆ ಒಂದು, ಬಿರುಕಿನದ್ದು ಹತ್ತಿರದಿಂದ ಒಂದು, ಕಂಬಕ್ಕೆ ಮೆತ್ತಿದ ಬಣ್ಣದ್ದೂ ಒಂದು.

ಆಮೇಲೆ ಎಸ್ಟಿಮೇಟ್ ತಗೊಳ್ಳಿ. ಝೀರೋ ಡೆಪ್ (ಬಿಡಿಭಾಗದ ಸವಕಳಿ ಕಳೆಯದೆ ಹಣ ಕೊಡುವ ಹೆಚ್ಚುವರಿ ಕವರ್) ಇಲ್ಲದಿದ್ದರೆ ಪ್ಲಾಸ್ಟಿಕ್ ಭಾಗದ ಬೆಲೆಯಲ್ಲಿ 50% ಕಡಿತ. 1500 ಸಿಸಿವರೆಗಿನ ಕಾರಾದರೆ ಇನ್ನೂ 1000 ರೂಪಾಯಿ ನಿಮ್ಮ ಕೈಯಿಂದಲೇ. ರಿನ್ಯೂವಲ್‌ನಲ್ಲಿ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಕೂಡ ಹೋಗುತ್ತದೆ. ನಾಲ್ಕೈದು ಸಾವಿರದ ಕೆಲಸಕ್ಕೆ ಸುಮ್ನೆ ಕ್ಲೇಮ್ ಬೇಡ ಅನ್ನುವವನು ನಾನು.

ಖರ್ಚು ಅದಕ್ಕಿಂತ ಜಾಸ್ತಿಯಾದರೆ ಇವತ್ತೇ ಇನ್ಶೂರೆನ್ಸ್ ಕಂಪನಿಗೆ ತಿಳಿಸಿ, ಕ್ಲೇಮ್ ನಂಬರ್ ಪಡೆಯಿರಿ. ನಡೆದದ್ದನ್ನೇ ಬರೆಯಿರಿ. "ಯಾರೋ ಹಿಂದಿನಿಂದ ಗುದ್ದಿದರು" ಅಂತ ಗ್ಯಾರೇಜಿನವರು ಹೇಳಿಕೊಟ್ಟರೂ ಬೇಡ. ಹಾನಿ ನೋಡಲು ಕಂಪನಿ ಕಳಿಸುವ ಸರ್ವೇಯರ್ ಒಪ್ಪುವವರೆಗೆ ರಿಪೇರಿ ಶುರುಮಾಡಿಸಬೇಡಿ.