ಹೊಸ ಬಡಾವಣೆ, ಹಲವು ಭಾಷೆಯ ನೆರೆಹೊರೆ

ಪ್ರಶ್ನೆ: ದಾವಣಗೆರೆಯ ಹೊರವಲಯದ ಬಡಾವಣೆಗೆ ಬಾಡಿಗೆಗೆ ಬಂದಿದ್ದೇವೆ. ಅಕ್ಕಪಕ್ಕ ಉರ್ದು, ಲಂಬಾಣಿ, ತೆಲುಗು ಮಾತಾಡುವ ಮನೆಗಳು. ಮೂರು ವರ್ಷದ ಮಗಳ ಕನ್ನಡ ಕೆಡುತ್ತದೆಯೇ? ಮೊದಲು ಏನೇನು ಮಾಡಿಸಬೇಕು?

ಉತ್ತರ: ಕನ್ನಡ ಕೆಡುವುದಿಲ್ಲ, ಧೈರ್ಯವಾಗಿರಿ. ಈ ವಯಸ್ಸಿನ ಮಕ್ಕಳು ಒಂದೇ ವಾಕ್ಯದಲ್ಲಿ ಎರಡು ಭಾಷೆ ಬೆರೆಸುವುದು ಸಹಜ. ಮನೆಯಲ್ಲಿ ದಿನಾ ಕನ್ನಡದಲ್ಲಿ ಕಥೆ ಹೇಳಿ, ಬೀದಿಯಲ್ಲಿ ಧಾರಾಳವಾಗಿ ಆಡಲು ಬಿಡಿ. ಯಾವ ಭಾಷೆಯಲ್ಲೂ ಎರಡು-ಮೂರು ಪದ ಜೋಡಿಸಿ ಮಾತಾಡದಿದ್ದರೆ ಮಾತ್ರ ಮಕ್ಕಳ ವೈದ್ಯರಿಗೆ ತೋರಿಸಿ, ಕಿವಿಯನ್ನೂ ಪರೀಕ್ಷೆ ಮಾಡಿಸಿ.

ತಾಯಿ ಕಾರ್ಡ್ ಹಿಡಿದು ಹತ್ತಿರದ ಅಂಗನವಾಡಿಗೆ ಹೋಗಿ. 3ರಿಂದ 6 ವರ್ಷದ ಮಕ್ಕಳನ್ನು ಸೇರಿಸಿಕೊಳ್ಳುತ್ತಾರೆ. ಲಸಿಕೆ ಹಾಕುವ ದಿನವೂ ತಿಳಿಯುತ್ತದೆ. ಬೀದಿಯ ತಾಯಂದಿರ ಪರಿಚಯಕ್ಕೂ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಸಂಪನ್ನು ಉಜ್ಜಿ ತೊಳೆಸದೆ ನೀರು ತುಂಬಿಸಬೇಡಿ, ಕುಡಿಯುವ ನೀರನ್ನು ಕುದಿಸಿ. ಮತದಾರರ ಪಟ್ಟಿಯ ವಿಳಾಸ ಬದಲಿಗೆ ನಮೂನೆ 8 ಸಾಕು.