ಸಿಸ್ಟರ್ ಚೆನ್ನಾಗಿ ನೋಡಿಕೊಂಡರಾ? ಅಳೆಯುವುದು ಹೇಗೆ?

ಪ್ರಶ್ನೆ: ಮುಂದಿನ ತಿಂಗಳು ಮಗಳ ಚೊಚ್ಚಲ ಹೆರಿಗೆ. ತಾಲ್ಲೂಕು ಆಸ್ಪತ್ರೆಯೇ ಸಾಕು ಅಂತ ಕೆಲವರು, ದಾವಣಗೆರೆಗೇ ಕರೆದುಕೊಂಡು ಹೋಗಿ ಅಂತ ಕೆಲವರು. ‘ಅಲ್ಲಿ ಸಿಸ್ಟರ್‌ಗಳು ಒಳ್ಳೆಯವರು, ಇಲ್ಲಿ ಬೈಯುತ್ತಾರೆ’ ಅನ್ನುವುದು ಬಿಟ್ಟು ಬೇರೆ ಏನೂ ಯಾರೂ ಹೇಳುವುದಿಲ್ಲ. ಆರೈಕೆ ಚೆನ್ನಾಗಿದೆಯೋ ಇಲ್ಲವೋ ಅಂತ ನಮ್ಮಂಥವರು ತಿಳಿಯುವುದು ಹೇಗೆ?
— ಜಗಳೂರು ತಾಲ್ಲೂಕಿನ ಒಬ್ಬ ತಾಯಿ

ಉತ್ತರ: ಬೈಯುತ್ತಾರೋ ಇಲ್ಲವೋ ಅನ್ನುವುದು ಸಣ್ಣ ವಿಷಯ ಅಲ್ಲ ಅಮ್ಮಾ. ಅದೂ ಅಳತೆಯ ಒಳಗೇ ಬರುತ್ತದೆ. ಹೆರಿಗೆ ನೋವಿನ ಹೊತ್ತಿನಲ್ಲಿ ತುಂಬುವುದಕ್ಕೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಒಂದು ಹೊಸ ಹಾಳೆ ತಂದಿತು. ಅದರಲ್ಲಿ ಮಗುವಿನ ಎದೆಬಡಿತ, ತಾಯಿಯ ಬಿಪಿ ಇವಕ್ಕಿಂತ ಮೊದಲೇ ನಾಲ್ಕು ಸಾಲುಗಳಿವೆ. ತಾಯಿಯ ಜೊತೆ ಅವಳ ಕಡೆಯವರು ಯಾರಾದರೂ ಇದ್ದಾರಾ, ನೋವು ಕಡಿಮೆಯಾಗಲು ಏನಾದರೂ ಮಾಡಿದರಾ, ಕುಡಿಯಲು ಕೊಟ್ಟರಾ, ಎದ್ದು ಓಡಾಡಲು ಬಿಟ್ಟಿದ್ದಾರಾ ಇಲ್ಲಾ ಅಂಗಾತ ಮಲಗಿಸಿಬಿಟ್ಟಿದ್ದಾರಾ. ಆದ್ದರಿಂದ ದಿನ ತುಂಬುವ ಮೊದಲೇ ಒಮ್ಮೆ ಹೋಗಿ ಕೇಳಿಕೊಂಡು ಬನ್ನಿ. ಲೇಬರ್ ರೂಮಿನೊಳಗೆ ಜೊತೆಗೆ ಒಬ್ಬರನ್ನು ಬಿಡುತ್ತೀರಾ? ರಾತ್ರಿ ಪಾಳಿಯಲ್ಲಿ ಎಷ್ಟು ಜನ ಸಿಸ್ಟರ್ ಇರುತ್ತೀರಿ? ಅರ್ಧರಾತ್ರಿ ರಕ್ತ ಬೇಕಾದರೆ ಎಲ್ಲಿಂದ ತರಿಸುತ್ತೀರಿ? ಈ ಮೂರಕ್ಕೆ ಗೊಣಗದೆ, ತಡವರಿಸದೆ ಉತ್ತರ ಕೊಡುವ ಜಾಗದಲ್ಲಿ ಸಾಮಾನ್ಯವಾಗಿ ಉಳಿದದ್ದೂ ಸರಿಯಾಗಿರುತ್ತದೆ ಅಂತ ನನ್ನ ನಂಬಿಕೆ.

ಹೆರಿಗೆಯಾದ ಮೇಲಿನ ಕೆಲಸವನ್ನು ಜೊತೆಗಿದ್ದವರೇ ನೋಡಬಹುದು. ಮಗು ಹೊರಬಂದ ಒಂದು ನಿಮಿಷದೊಳಗೆ ತಾಯಿಗೆ ಆಕ್ಸಿಟೋಸಿನ್ ಇಂಜೆಕ್ಷನ್ (ಗರ್ಭಕೋಶ ಗಟ್ಟಿಯಾಗಿ ರಕ್ತ ಕಡಿಮೆ ಹೋಗಲಿ ಅಂತ), 10 ಯೂನಿಟ್. ಒಂದು ಗಂಟೆಯೊಳಗೆ ಮಗು ಮೊಲೆಗೆ. ಮೊದಲ ಎರಡು ಗಂಟೆ ಹದಿನೈದು ನಿಮಿಷಕ್ಕೊಮ್ಮೆ ಬಂದು ನಾಡಿ, ಬಿಪಿ ನೋಡಬೇಕು, ಹೊಟ್ಟೆ ಮುಟ್ಟಿ ಗರ್ಭಕೋಶ ಗಟ್ಟಿಯಾಗಿದೆಯಾ ನೋಡಬೇಕು, ರಕ್ತ ಎಷ್ಟು ಹೋಗುತ್ತಿದೆ ನೋಡಬೇಕು.

ರಕ್ತದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹೆರಿಗೆಯಲ್ಲಿ 500 ಮಿಲಿ ಲೀಟರ್‌ಗಿಂತ ಜಾಸ್ತಿ ರಕ್ತ ಹೋದರೆ ಅಪಾಯದ ಲೆಕ್ಕ. ಆದರೆ ಬಟ್ಟೆ ನೆನೆದದ್ದು ನೋಡಿ ಕಣ್ಣಂದಾಜು ಹಾಕಿದರೆ, ಎಷ್ಟು ಅನುಭವ ಇದ್ದವರಿಗೂ ಅದು ಕಡಿಮೆ ಅಂತಲೇ ಕಾಣುತ್ತದೆ. ಇದಕ್ಕೆ ತಾಯಿಯ ಕೆಳಗೆ ಹಾಸುವ, ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಚೀಲವೊಂದಿದೆ. ನಮ್ಮ ಬೆಳಗಾವಿ ಜಿಲ್ಲೆಯಲ್ಲೇ ಅದನ್ನು ಹಿಂದೆ ಬಳಸಿದ್ದಾರೆ. ಮನೆ ಹೆರಿಗೆಗಳಲ್ಲಿ ಎಎನ್‌ಎಂಗಳು (ಹಳ್ಳಿಯ ಆರೋಗ್ಯ ಸಹಾಯಕಿಯರು) ರಕ್ತಸ್ರಾವ ತಡೆಯಲು ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟು ನೋಡಿದ ಅಧ್ಯಯನ ಅದು, 2006ರಲ್ಲಿ ಪ್ರಕಟವಾಯಿತು. ಅತಿ ರಕ್ತಸ್ರಾವ ನೂರಕ್ಕೆ 12ರಿಂದ ಸುಮಾರು 6ಕ್ಕೆ ಇಳಿದಿತ್ತು. ಆಮೇಲೆ 2023ರಲ್ಲಿ ಆಫ್ರಿಕಾದ ನಾಲ್ಕು ದೇಶಗಳ ದೊಡ್ಡ ಅಧ್ಯಯನವೊಂದು ಬಂತು. ಈ ಚೀಲ ಇಟ್ಟು, ಗೆರೆ ಮುಟ್ಟಿದ ಕೂಡಲೇ ಎಲ್ಲಾ ಚಿಕಿತ್ಸೆ ಒಟ್ಟಿಗೆ ಶುರು ಮಾಡಿದ ಕಡೆ ಅತಿ ರಕ್ತಸ್ರಾವ ನೂರಕ್ಕೆ 93 ಸಲ ಪತ್ತೆಯಾಯಿತು. ಎಂದಿನ ಪದ್ಧತಿಯಲ್ಲೇ ನಡೆದ ಕಡೆ 51 ಸಲ ಮಾತ್ರ. ತಾಯಿಗೆ ಗಂಭೀರ ತೊಂದರೆಯಾಗುವುದು ನೂರಕ್ಕೆ 60ರಷ್ಟು ಕಡಿಮೆಯಾಯಿತು. ಅಲ್ಲಿ ಹೊಸ ಔಷಧಿ ಏನೂ ಇರಲಿಲ್ಲ, ಸರಿಯಾಗಿ ಅಳೆದು ತಕ್ಷಣ ಕೈಹಾಕಿದರು ಅಷ್ಟೇ. ಮಗಳನ್ನು ಸೇರಿಸುವ ಕಡೆ ಆ ಚೀಲ ಇದೆಯಾ ಅಂತ ಧೈರ್ಯವಾಗಿ ಕೇಳಿ.

ಪ್ರಶ್ನೆ: ನಾನು ಸ್ಟಾಫ್ ನರ್ಸ್. ತಪಾಸಣೆ ಹತ್ತಿರ ಬಂತು ಅಂದರೆ ನಮ್ಮಲ್ಲಿ ರಾತ್ರಿಯೆಲ್ಲಾ ಕೂತು ಹಳೇ ಕೇಸ್ ಶೀಟುಗಳಿಗೆ ಟಿಕ್ ಹಾಕುತ್ತೇವೆ. ಮಾರ್ಕ್ಸ್ ಬರುತ್ತದೆ, ಬೋರ್ಡ್ ನೇತುಹಾಕುತ್ತಾರೆ. ಇದರಿಂದ ತಾಯಂದಿರಿಗೆ ಏನು ಉಪಯೋಗ ಮೇಡಂ?
— ಚನ್ನಗಿರಿ ಕಡೆಯ ಓದುಗರು

ಉತ್ತರ: ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ ತಂಗಿ. ಆಮೇಲೆ ಹಾಕಿದ ಟಿಕ್‌ನಿಂದ ಯಾರಿಗೂ ಉಪಯೋಗ ಇಲ್ಲ. ಹಾಗಂತ ಪಟ್ಟಿಯೇ ಬೇಡ ಅನ್ನಬೇಡಿ. ಹೆರಿಗೆಯ ಹೊತ್ತಿನಲ್ಲಿ ತಪ್ಪದೆ ಮಾಡಬೇಕಾದ ಕೆಲಸಗಳಿಗೆ ಟಿಕ್ ಹಾಕುವ, ವಿಶ್ವ ಆರೋಗ್ಯ ಸಂಸ್ಥೆಯ ಹೆರಿಗೆ ಸುರಕ್ಷತಾ ಪಟ್ಟಿಯನ್ನು ಆರಂಭದಲ್ಲಿ ಪರೀಕ್ಷಿಸಿದ ಜಾಗಗಳಲ್ಲಿ ನಮ್ಮ ಕರ್ನಾಟಕದ ಒಂದು ಹೆರಿಗೆ ಆಸ್ಪತ್ರೆಯೂ ಇತ್ತು. 29 ಕೆಲಸಗಳಲ್ಲಿ ಸರಾಸರಿ 10 ನಡೆಯುತ್ತಿದ್ದ ಕಡೆ, ಪಟ್ಟಿ ಬಂದ ಮೇಲೆ 25 ನಡೆದವು. ಎಷ್ಟು ಖುಷಿಯ ಸುದ್ದಿ ಅಲ್ವಾ? ಆಮೇಲೆ ಉತ್ತರ ಪ್ರದೇಶದ 120 ಆಸ್ಪತ್ರೆಗಳಲ್ಲಿ ದೊಡ್ಡದಾಗಿ ಮಾಡಿದರು, 2017ರಲ್ಲಿ ಫಲಿತಾಂಶ ಬಂತು. ತರಬೇತುದಾರರು ಪಕ್ಕದಲ್ಲಿ ನಿಂತು ಹೇಳಿಕೊಟ್ಟ ಕಡೆ ಎರಡು ತಿಂಗಳಾದಾಗ ನೂರಕ್ಕೆ 73ರಷ್ಟು ಕೆಲಸ ಸರಿಯಾಗಿ ನಡೆಯುತ್ತಿತ್ತು, ಉಳಿದ ಕಡೆ 42ರಷ್ಟು. ವರ್ಷ ತುಂಬುವ ಹೊತ್ತಿಗೆ 73 ಇದ್ದದ್ದು 62ಕ್ಕೆ ಇಳಿಯಿತು. ಸಾವಿನ ಪ್ರಮಾಣದಲ್ಲಿ ಮಾತ್ರ ಎರಡೂ ಕಡೆ ವ್ಯತ್ಯಾಸ ಕಾಣಲಿಲ್ಲ.

ನನಗೆ ಇದು ಮನಸ್ಸಿಗೆ ನಾಟಿದ ಫಲಿತಾಂಶ. ಕೈ ತೊಳೆಯುವುದು, ಬಿಪಿ ನೋಡುವುದು ಎಲ್ಲಾ ಬೇಕು. ಆದರೆ ಬಿಪಿ 160 ಬಂದಾಗ ಔಷಧಿ ಕಪಾಟಿನಲ್ಲಿ ಇರಬೇಕು, ಕೊಡುವ ಕೈಗೆ ಅಭ್ಯಾಸ ಇರಬೇಕು, ಡಾಕ್ಟರ್ ಫೋನ್ ಎತ್ತಬೇಕು, ಆಂಬುಲೆನ್ಸ್ ಬರಬೇಕು. ಸಿಸ್ಟರ್‌ಗಳ ಕೆಲಸ ಒಂದನ್ನೇ ಅಳೆದು, ಉಳಿದದ್ದನ್ನು ಅಳೆಯದೆ ಬಿಟ್ಟರೆ ಅದು ಅನ್ಯಾಯ.

ಲೇಬರ್ ರೂಮಿನ ಆರೈಕೆ ಸುಧಾರಿಸಲು ಕೇಂದ್ರ ಸರ್ಕಾರ 2017ರ ಡಿಸೆಂಬರ್‌ನಲ್ಲಿ ಶುರು ಮಾಡಿದ ‘ಲಕ್ಷ್ಯ’ ಯೋಜನೆಯ ಸರ್ಟಿಫಿಕೇಟಿಗೆ ನೂರಕ್ಕೆ 70 ಅಂಕ ಬೇಕು. ಆದರೆ ನಿಯಮದ ಪ್ರಕಾರ ಅದು ಬರೀ ಕಾಗದ ನೋಡುವ ತಪಾಸಣೆ ಅಲ್ಲ. ಕೆಲಸ ನಡೆಯುವಾಗ ನೋಡಬೇಕು, ಸಿಬ್ಬಂದಿಯನ್ನು ಮಾತಾಡಿಸಬೇಕು, ದಾಖಲೆ ನೋಡಬೇಕು, ಬಾಣಂತಿಯರನ್ನೂ ಕೇಳಬೇಕು. ಬಂದವರು ಫೈಲಿನ ಮುಂದೆಯೇ ಕೂತುಬಿಟ್ಟರೆ ‘ವಾರ್ಡಿಗೆ ಬನ್ನಿ ಸಾರ್’ ಅಂತ ನೀವೇ ಕರೆಯಿರಿ.

ಇನ್ನೊಂದು, ಯಾರ ಅಪ್ಪಣೆಯೂ ಬೇಡದ್ದು. ಒಂದೇ ಒಂದು ವಿಷಯ ಹಿಡಿದುಕೊಳ್ಳಿ, ಉದಾಹರಣೆಗೆ ಮಗು ಹುಟ್ಟಿದ್ದಕ್ಕೂ ಆಕ್ಸಿಟೋಸಿನ್ ಕೊಟ್ಟದ್ದಕ್ಕೂ ನಡುವೆ ಎಷ್ಟು ನಿಮಿಷ ಅಂತ. ಆಗಿಂದಾಗಲೇ ಬರೆದು ವಾರ್ಡಿನ ಗೋಡೆಯ ಮೇಲೆ ಗೆರೆ ಎಳೆಯುತ್ತಾ ಹೋಗಿ. ಹೆಸರು ಬೇಡ, ಪಾಳಿ ಸಾಕು. ರಾತ್ರಿ ಪಾಳಿಯಲ್ಲಿ ಗೆರೆ ಮೇಲೆ ಹೋಗುತ್ತಿದ್ದರೆ ಕಾರಣ ನಿಮಗೇ ಗೊತ್ತಿರುತ್ತದೆ. ಆದರೆ ಈಗ ಅದನ್ನು ಮೇಲಿನವರಿಗೆ ತೋರಿಸಲು ನಿಮ್ಮ ಕೈಯಲ್ಲಿ ಏನೋ ಇರುತ್ತದೆ.

ಪ್ರಶ್ನೆ: ಲಕ್ವ ಹೊಡೆದ ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ್ದೆವು. ವಾರದೊಳಗೆ ಸೊಂಟದ ಹತ್ತಿರ ಹುಣ್ಣಾಯಿತು. ನರ್ಸ್‌ಗಳ ನಿರ್ಲಕ್ಷ್ಯ ತಾನೇ?
— ಚಿತ್ರದುರ್ಗದ ಓದುಗರು

ಉತ್ತರ: ಮಲಗಿದಲ್ಲೇ ಆಗುವ ಹುಣ್ಣು ನರ್ಸಿಂಗ್ ಆರೈಕೆಯ ದೊಡ್ಡ ಅಳತೆಗೋಲು ಅನ್ನುವುದು ನಿಜ. ಯಾರಿಗೆ ಹುಣ್ಣಾಗಬಹುದು ಅಂತ ಮೊದಲೇ ಅಂದಾಜು ಮಾಡುವ ಬ್ರೇಡನ್ ಅಂಕಪಟ್ಟಿ 1987ರಿಂದ ಇದೆ. ಅಂಕ ಕಡಿಮೆ ಬಂದಷ್ಟೂ ಅಪಾಯ ಹೆಚ್ಚು, ಅಂಥವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ವಾಡಿಕೆ.

ಆದರೆ ಆ ರಾತ್ರಿ ಒಬ್ಬ ಸಿಸ್ಟರ್ ಎಷ್ಟು ಜನರನ್ನು ನೋಡುತ್ತಿದ್ದರು? ಭಾರತೀಯ ನರ್ಸಿಂಗ್ ಪರಿಷತ್ತು ಹೇಳುವುದು ಸಾಮಾನ್ಯ ಆಸ್ಪತ್ರೆಯಲ್ಲಿ 5 ರೋಗಿಗಳಿಗೆ ಒಬ್ಬರು, ಬೋಧನಾ ಆಸ್ಪತ್ರೆಯಲ್ಲಿ 3ಕ್ಕೆ ಒಬ್ಬರು. ಯುರೋಪಿನ 9 ದೇಶಗಳಲ್ಲಿ ಶಸ್ತ್ರಚಿಕಿತ್ಸೆಯಾದವರನ್ನು ಗಮನಿಸಿದ, 2014ರಲ್ಲಿ ಬಂದ ಅಧ್ಯಯನವೊಂದಿದೆ. ಒಬ್ಬ ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೂ ತಿಂಗಳೊಳಗೆ ಸಾಯುವ ಸಂಭವ ನೂರಕ್ಕೆ 7ರಷ್ಟು ಏರುವುದು ಅದರಲ್ಲಿ ಕಂಡಿತು. ನಿರ್ಲಕ್ಷ್ಯ ಇರಲೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇಷ್ಟು ತಿಳಿಯದೆ ಒಬ್ಬ ಹೆಣ್ಣುಮಗಳ ತಲೆಗೆ ಕಟ್ಟಬೇಡಿ ಅಂತಷ್ಟೇ.

ದೂರು ಬರೆಯುವುದಾದರೆ ಎರಡು ವಿಷಯ ಕೇಳಿ: ಸೇರಿಸಿದ ದಿನ ಅಪ್ಪನ ಅಂಕ ಎಷ್ಟು ಅಂತ ಬರೆದಿದ್ದರು, ಆ ವಾರ ಪ್ರತಿ ಪಾಳಿಯಲ್ಲಿ ರೋಗಿಗಳೆಷ್ಟು, ಸಿಸ್ಟರ್‌ಗಳೆಷ್ಟು. ಸರ್ಕಾರಿ ಆಸ್ಪತ್ರೆಯಾಗಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡಲೇಬೇಕು. ಅಲ್ಲಿಯವರೆಗೆ ಮನೆಯಲ್ಲಿ ಮಗ್ಗುಲು ಬದಲಿಸುವುದನ್ನು ಬಿಡಬೇಡಿ, ಹಿಮ್ಮಡಿಗಳನ್ನೂ ದಿನಾ ನೋಡಿ. ಹುಣ್ಣು ಕಪ್ಪಾದರೆ, ವಾಸನೆ ಬಂದರೆ ಮನೆಮದ್ದು ಹಚ್ಚುತ್ತಾ ಕೂರದೆ ಅವತ್ತೇ ತೋರಿಸಿ.